ಎರಡು ಚಮಚ ರಕ್ತ, ಎರಡು ಗಂಟೆ ಹರಟೆ

ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ ಎಫ್‌ಬಿಎಸ್, ಪಿಪಿಬಿಎಸ್ ಅಂತ ಎರಡಿತ್ತು. ಅಂದರೆ ಏನೂ ತಿನ್ನದೆ ಒಂದು ಸಲ ಚುಚ್ಚಿಸಿಕೊಳ್ಳಬೇಕು, ತಿಂದು ಎರಡು ಗಂಟೆ ಬಿಟ್ಟು ಇನ್ನೊಂದು ಸಲ. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಗೇಟಿನ ಹತ್ತಿರ ನಿಂತಿದೆ ಅಂದಿದ್ದರು. ಭಾನುವಾರ ಬೆಳಿಗ್ಗೆ ಏಳೂವರೆಗೇ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದೆ. ರಾತ್ರಿ ಎಂಟಕ್ಕೆ ಊಟ ಮುಗಿಸಿದವನು ಆಮೇಲೆ ಒಂದು ತೊಟ್ಟು ನೀರೂ ಮುಟ್ಟಿರಲಿಲ್ಲ. ನಮ್ಮಜ್ಜಿ ಏಕಾದಶಿಯನ್ನೂ ಇಷ್ಟು ಕಟ್ಟುನಿಟ್ಟಾಗಿ ಮಾಡಿರಲಿಕ್ಕಿಲ್ಲ.

ಅದೇ ಯಡವಟ್ಟಾಗಿದ್ದು. ಲ್ಯಾಬಿನ ಹುಡುಗಿ ರಬ್ಬರ್ ಪಟ್ಟಿ ಕಟ್ಟಿ, ಮುಷ್ಟಿ ಬಿಗಿ ಹಿಡೀರಿ ಸಾರ್ ಅಂದಳು. ಹಿಡಿದೆ. ಮೊಣಕೈ ಮಡಿಕೆಯ ಹತ್ತಿರ ಎರಡು ಬೆರಳಿಂದ ತಟ್ಟಿದಳು. ಮಾರ್ಕೆಟ್ಟಲ್ಲಿ ಕಲ್ಲಂಗಡಿ ತಟ್ಟಿ ನೋಡ್ತಾರಲ್ಲ, ಹಾಗೆ. ಆಮೇಲೆ ಅದೇ ಮುಖ ಮಾಡಿದಳು, ಈ ಹಣ್ಣು ಬೇಡ ಅನ್ನೋ ಮುಖ. "ನರ ಸಿಗ್ತಿಲ್ಲ ಸಾರ್. ನೀರು ಕುಡಿದಿದ್ರಾ?"

"ಖಾಲಿ ಹೊಟ್ಟೆ ಅಂದ್ರಲ್ಲಮ್ಮಾ."

"ಅಯ್ಯೋ, ನೀರು ಕುಡೀಬಹುದು ಸಾರ್. ಕುಡಿದೇ ಬರಬೇಕು."

ಇರುವೆ ಕಚ್ಚಿದ ಹಾಗೆ ಅಷ್ಟೇ ಅಂದು ಬಲಗೈಗೆ ಒಂದು ಚುಚ್ಚಿದಳು. ಇರುವೆ ಕಚ್ಚಿತು, ರಕ್ತ ಬರಲಿಲ್ಲ. ಎಡಗೈಗೆ ಇನ್ನೊಂದು ಇರುವೆ. ಕೊನೆಗೆ ಒಳಗಿಂದ ಒಬ್ಬ ಹಿರಿಯರು ಬಂದರು, ಕನ್ನಡಕ ಹಣೆ ಮೇಲಿತ್ತು, ಅದನ್ನು ಕಣ್ಣಿಗೆ ಇಳಿಸಲೂ ಇಲ್ಲ, ನನ್ನ ಜೊತೆ ಊರು ಯಾವುದು ಅಂತ ಮಾತಾಡ್ತಾ ಮಾತಾಡ್ತಾ ಯಾವಾಗ ಚುಚ್ಚಿದರೋ ಗೊತ್ತೇ ಆಗಲಿಲ್ಲ. ಬೂದು ಮುಚ್ಚಳದ ಟ್ಯೂಬು, ನೇರಳೆ ಮುಚ್ಚಳದ ಟ್ಯೂಬು, ಇನ್ನೊಂದು ಹಳದಿ. ಮುಗೀತು. ಎರಡೂ ಕೈ ಮಡಚಿಕೊಂಡು, ಸಂದಿಯಲ್ಲಿ ಹತ್ತಿ ಸಿಕ್ಕಿಸಿಕೊಂಡು, ಜಟ್ಟಿ ತೊಡೆ ತಟ್ಟೋ ಮುಂಚೆ ನಿಲ್ತಾನಲ್ಲ ಆ ಭಂಗಿಯಲ್ಲಿ ಎದುರಿನ ದರ್ಶಿನಿಗೆ ನಡೆದೆ. ನಮ್ಮ ಭಾನುವಾರದ ಬಳಗ ಅಲ್ಲೇ ಇತ್ತು.

"ಯಾಕ್ಲಾ, ಯಾರ ಮೇಲೆ ಕುಸ್ತಿ?" ಅಂದ ಗೌಡ.

ಎಂಟೂಕಾಲಕ್ಕೆ ಇಡ್ಲಿ ಬಾಯಿಗಿಟ್ಟೆ. ಮೊದಲ ತುತ್ತಿನಿಂದ ಲೆಕ್ಕ. ಹತ್ತೂಕಾಲಕ್ಕೆ ಮತ್ತೆ ಚುಚ್ಚು. ನಡುವೆ ನೀರು ಬಿಟ್ಟು ಬೇರೇನೂ ಇಲ್ಲ, ಕಾಫಿ ಕೂಡ ಇಲ್ಲ. ಇಷ್ಟು ಹೇಳಿದ್ದೇ ತಪ್ಪಾಯ್ತು ನೋಡಿ. ಭಟ್ಟ ಆ ಕ್ಷಣವೇ ಹೋಗಿ ಒಂದು ಕಾಫಿ ತಂದು, ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ ಸುರಿಯುತ್ತಾ ಹಬೆ ನನ್ನ ಕಡೆ ಬರುವ ಹಾಗೆ ನಿಂತ. ಗೆಳೆಯರು ಅಂದ್ರೆ ಇಂಥವರು.

ನರ ಸಿಗಲಿಲ್ಲ ಅಂತ ನನ್ನ ಗೋಳು ಶುರು ಮಾಡಿದೆ. ಸೀನ ತಡೆದ. ಅವನು 30 ವರ್ಷ ಲ್ಯಾಬಿನಲ್ಲೇ ಕೆಲಸ ಮಾಡಿದವನು, ಹೋದ ವರ್ಷ ರಿಟೈರ್ ಆದ.

"ನರ ಅಲ್ಲಯ್ಯಾ ಅದು, ರಕ್ತನಾಳ. ಮೂವತ್ತು ವರ್ಷದಿಂದ ಎಲ್ಲರೂ ನರ ನರ ಅಂತೀರ. ನಿಜವಾಗ್ಲೂ ನರಕ್ಕೆ ಚುಚ್ಚಿದ್ರೆ ಬೆರಳ ತುದಿವರೆಗೂ ಕರೆಂಟ್ ಹೊಡೀತದೆ, ಇಲ್ಲಿ ಕೂತು ಚಟ್ನಿ ಕೇಳ್ತಿರ್ಲಿಲ್ಲ ನೀನು."

"ನೀನೂ ಲ್ಯಾಬಲ್ಲಿ ನರ ಅಂತಲೇ ಅಂತಿದ್ದೆ ಅಲ್ವಾ?"

"ಅಂತಿದ್ದೆ. ರಕ್ತನಾಳ ಸಿಗ್ತಿಲ್ಲ ಅಂದ್ರೆ ಪೇಷಂಟು ಹೆದರ್ತಾನೆ. ನರ ಸಿಗ್ತಿಲ್ಲ ಅಂದ್ರೆ ತನ್ನದೇ ತಪ್ಪು ಅಂದ್ಕೊಂಡು ಸುಮ್ನಿರ್ತಾನೆ."

ನೀರು ಕಮ್ಮಿಯಾದರೆ ರಕ್ತನಾಳ ಒಳಗೆ ಕುಗ್ಗಿ ಅಡಗಿಕೊಳ್ಳುತ್ತಂತೆ, ಬೇಸಿಗೆಯಲ್ಲಿ ಬೋರ್‌ವೆಲ್ ಕೊರೆಸಿದ ಹಾಗೆ ಅಂದ. ಮೂರು ಕಡೆ ಕೊರೆಸಿಕೊಂಡವನು ನಾನು, ನನಗೆ ಬೇರೆ ಹೇಳಬೇಕಾ? ಮೂರು ಟ್ಯೂಬಿಗೆ ಒಟ್ಟು ಎಷ್ಟು ರಕ್ತ ಹೋಗಿರಬಹುದು ಅಂತ ಕೇಳಿದೆ. ಎಂಟೋ ಹತ್ತೋ ಎಂಎಲ್, ಎರಡು ಟೀ ಚಮಚ ಅಂದ. ನನಗೇನೋ ಕೊಡ ಬಗ್ಗಿಸಿದ ಹಾಗೆ ಅನಿಸಿತ್ತು.

"ಎರಡು ಚಮಚಕ್ಕೆ ಇಷ್ಟು ಕತೆಯೇನೋ?" ಅಂದರು ಪದ್ಮಕ್ಕ.

ಪದ್ಮಕ್ಕ ನಮ್ಮೆಲ್ಲರಿಗಿಂತ ಹಿರಿಯರು, 61. ಮೇಷ್ಟ್ರಾಗಿದ್ದವರು. ತೂಕ 47 ಕೆಜಿ, ಅದೂ ಸ್ವೆಟರ್ ಸಮೇತ ಇರಬೇಕು. ಇಷ್ಟು ವರ್ಷ ಅವರ ಜೊತೆ ಕಾಫಿ ಕುಡಿದಿದ್ದೇವೆ, ಆದರೆ ಅವತ್ತು ಗೊತ್ತಾಯ್ತು, ಅವರು 43 ಸಲ ರಕ್ತ ಕೊಟ್ಟಿದ್ದಾರೆ. ಹೇಳಿದ್ದೂ ಹೆಂಗೆ ಅಂದರೆ, ನಾನು ಬೆಳಿಗ್ಗೆ ಹಾಲು ತರ್ತೀನಿ ಅನ್ನೋ ಹಾಗೆ.

ಗೌಡ ಬಟ್ಟಲು ಕೆಳಗಿಟ್ಟ. "ನಲವತ್ಮೂರಾ?"

"ಹೆಂಗಸರಿಗೆ ನಾಲ್ಕು ತಿಂಗಳಿಗೊಂದು ಸಲ ಬಿಡ್ತಾರೆ, ಗಂಡಸರಿಗೆ ಮೂರು ತಿಂಗಳಿಗೆ. ನಾನು ವರ್ಷಕ್ಕೆ ಎರಡು ಇಟ್ಕೊಂಡಿದ್ದೆ. ಮಕ್ಕಳು ಸಣ್ಣವರಿದ್ದಾಗ ಬಿಟ್ಟುಹೋಗಿತ್ತು. 65 ಆಗೋವರೆಗೆ ಕೊಡಬಹುದು, ಇನ್ನೂ ನಾಲ್ಕು ವರ್ಷ ಇದೆ."

ಸೀನ ಬಿಲ್ಲಿನ ಹಿಂದೆ ಪೆನ್ನಲ್ಲಿ ಲೆಕ್ಕ ಹಾಕಿದ. 45 ಕೆಜಿಗಿಂತ ಕಮ್ಮಿ ಇದ್ದರೆ ತಗೊಳ್ಳೋದೇ ಇಲ್ಲ, 55ರ ಒಳಗಿದ್ದರೆ 350 ಎಂಎಲ್. 43 ಸಲ ಅಂದ್ರೆ 15 ಲೀಟರು. ಇಷ್ಟು ತೂಕದ ಹೆಂಗಸಿನ ಮೈಯಲ್ಲಿ ಒಟ್ಟು ಇರೋದೇ ಸುಮಾರು 3 ಲೀಟರು. "ಅಂದ್ರೆ ಪದ್ಮಕ್ಕಾ, ನೀವು ಐದು ಪದ್ಮಕ್ಕನ್ನ ದಾನ ಮಾಡಿದ್ದೀರಿ."

"ಆ ಐದು ಜನಕ್ಕೂ ಮಂಡಿ ನೋವು ಹೋಗಿರುತ್ತಾ ಕೇಳು," ಅಂದರು ಪದ್ಮಕ್ಕ.

ನೋವಾಗಲ್ವಾ ಅಂತ ನಾನು ಕೇಳಿದೆ. ಕೇಳಬಾರದಿತ್ತು, ಯಾಕೆಂದರೆ ಸೀನ ಸೂಜಿಯ ದಪ್ಪ ಹೇಳಲು ಶುರು ಮಾಡಿದ. ಟೆಸ್ಟಿಗೆ ಚುಚ್ಚೋದು 21 ಅಥವಾ 22 ನಂಬರ್ ಸೂಜಿ, ದಾನಕ್ಕೆ 16. ನಂಬರ್ ಕಮ್ಮಿ ಆದಷ್ಟೂ ಸೂಜಿ ದಪ್ಪ. ಸಣ್ಣ ಸೂಜೀಲಿ ಅಷ್ಟು ರಕ್ತ ಎಳೆದರೆ ಹೊತ್ತು ಹಿಡಿಯುತ್ತೆ, ಕಣಗಳೂ ಒಡೆಯುತ್ತವೆ. ನಾನು ಮಡಚಿದ ಕೈಯನ್ನು ಇನ್ನೂ ಸ್ವಲ್ಪ ಮಡಚಿಕೊಂಡೆ.

ಪದ್ಮಕ್ಕ ಮಾತ್ರ ಬೇರೆಯದೇ ಹೇಳಿದರು. ಚುಚ್ಚಿದ್ದು ಮರೆತುಹೋಗುತ್ತಂತೆ. ನೆನಪಿರೋದು ಆ ಸಣ್ಣ ನಳಿಕೆ. ಅದನ್ನು ಮುಂಗೈಗೆ ಟೇಪ್ ಹಾಕಿ ಅಂಟಿಸಿರುತ್ತಾರೆ, ರಕ್ತ ಹರಿಯೋಕೆ ಶುರುವಾದ ತಕ್ಷಣ ಅದು ಬೆಚ್ಚಗಾಗುತ್ತೆ. ಹೊರಗಿಂದ ಏನೋ ಬಿಸಿ ತಾಗಿದ ಹಾಗೆ. ಒಂದು ನಿಮಿಷ ಬೇಕಾಗುತ್ತೆ, ಓ ಇದು ನನ್ನದೇ ಬಿಸಿ ಅಂತ ಗೊತ್ತಾಗೋಕೆ. ಕೆಳಗೆ ಚೀಲ ಒಂದು ತಟ್ಟೆ ಮೇಲೆ ತೊಟ್ಟಿಲ ಹಾಗೆ ತೂಗ್ತಾ ಇರುತ್ತೆ. ಒಳಗೆ ಹಾಕಿರೋ ದ್ರಾವಣ ರಕ್ತದ ಜೊತೆ ಬೆರೆತು ಹೆಪ್ಪುಗಟ್ಟದಿರಲಿ ಅಂತ. ಐದರಿಂದ ಹತ್ತು ನಿಮಿಷ, ಅಷ್ಟೇ.

ಒಂದೆರಡು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಭಟ್ಟ ಹಾಳು ಮಾಡಿದ.

"ಇದಕ್ಕೆಲ್ಲ ಸೂಜಿ ಯಾಕೆ ಮಾರಾಯ್ರೆ? ನಮ್ಮೂರಿಗೆ ಬನ್ನಿ."

ಅವನ ಊರು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ತೋಟಕ್ಕೆ ಇಳಿದರೆ ಉಂಬಳ. ಕಾಲಿಗೆ ಹತ್ತಿದ್ದೂ ಗೊತ್ತಾಗಲ್ಲ, ಕುಡಿದಿದ್ದೂ ಗೊತ್ತಾಗಲ್ಲ, ಮನೆಗೆ ಬಂದು ಕಾಲು ತೊಳೆಯುವಾಗ ರಕ್ತ ನೋಡಿದಾಗಲೇ ಗೊತ್ತು. "ಅದರ ಹತ್ತಿರ ನರ ಸಿಗ್ತಿಲ್ಲ ಅನ್ನೋ ಮಾತೇ ಇಲ್ಲ. ಮುಷ್ಟಿ ಹಿಡಿ ಅನ್ನಲ್ಲ. ಫಾಸ್ಟಿಂಗ್ ಕೇಳಲ್ಲ. ಭಾನುವಾರವೂ ಓಪನ್."

ಸೀನ ಇದನ್ನು ಗಂಭೀರವಾಗಿ ತಗೊಂಡ, ಅದು ಅವನ ರೋಗ. ಉಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ, ಹಿರುಡಿನ್ ಥರದ ಒಂದು ವಸ್ತು ಇದೆಯಂತೆ. ಅದಕ್ಕೇ ಉಂಬಳ ಬಿದ್ದುಹೋದ ಮೇಲೂ ಗಾಯ ಸೋರ್ತಾನೇ ಇರುತ್ತೆ. ಚೀಲದಲ್ಲಿರೋದು ಸಿಟ್ರೇಟು, ಅದು ರಕ್ತದಲ್ಲಿರೋ ಕ್ಯಾಲ್ಸಿಯಂ ಹಿಡಿದುಬಿಡುತ್ತೆ. ಕ್ಯಾಲ್ಸಿಯಂ ಇಲ್ಲದೆ ಹೆಪ್ಪಿಲ್ಲ. "ಅಂತೂ ಉಂಬಳ ನಮಗಿಂತ ಮುಂಚೆ ಬ್ಲಡ್ ಬ್ಯಾಂಕ್ ಇಟ್ಟಿತ್ತು ಅನ್ನು," ಅಂದ ಭಟ್ಟ. ಹೌದು, ಆದರೆ ವಾಪಸ್ ಕೊಡೋ ಪದ್ಧತಿ ಇಲ್ಲ.

ಈಗ ಗೌಡನ ಸರದಿ. ಅವನು ಇಷ್ಟು ಹೊತ್ತು ಚಟ್ನಿಯಲ್ಲಿ ಬೆರಳಾಡಿಸುತ್ತಾ ಕೂತಿದ್ದ, ಅದರಲ್ಲೇ ಗೊತ್ತಾಗಿತ್ತು ಏನೋ ಇದೆ ಅಂತ. ಗೌಡ ಅಂದ್ರೆ ಆರಡಿ ಎರಡಂಗುಲ, ಮಂಡ್ಯ ಕಡೆಯವನು, ಮೀಸೆ ಎರಡು ಕಡೆ ಹ್ಯಾಂಡಲ್ ಇಟ್ಟ ಹಾಗೆ, ಕಾಲೇಜಲ್ಲಿ ಕಬಡ್ಡಿ ಕ್ಯಾಪ್ಟನ್. ರಾಜ್ಯೋತ್ಸವದ ದಿನ ಅವರ ಏರಿಯಾದಲ್ಲಿ ರಕ್ತದಾನ ಶಿಬಿರ. ಶಾಮಿಯಾನ, ಕೆಂಪು ಹಳದಿ ಬಾವುಟ, ಮೈಕು. ಮೊದಲ ಹೆಸರೇ ಗೌಡನದು.

"ನಂಗೇನ್ ಗೊತ್ತಲಾ? ರಕ್ತ ಅಂದ್ಮೇಲೆ ಖಾಲಿ ಹೊಟ್ಟೇಲೇ ಹೋಗ್ಬೇಕು ಅಂದ್ಕಂಡೆ. ನಮ್ಮನೇವ್ಳು ಟೆಸ್ಟಿಗೆ ಹೋಗೋವಾಗೆಲ್ಲ ಹಂಗೇ ತಾನೇ ಹೋಗಾದು."

ಹಿಂದಿನ ರಾತ್ರಿಯ ಮುದ್ದೆ ಮೇಲೆ ಹನ್ನೊಂದು ಗಂಟೆಗೆ ಹೋಗಿದ್ದಾನೆ. ಫಾರಂನಲ್ಲಿ ಇದೆ, ನಾಲ್ಕು ಗಂಟೆ ಒಳಗೆ ಏನಾದರೂ ತಿಂದಿದ್ದೀರಾ ಅಂತ. ಓದದೇ ಎಲ್ಲದಕ್ಕೂ ಟಿಕ್ ಹೊಡೆದಿದ್ದಾನೆ. ಟಿಕ್ ಹೊಡೆದ ರಭಸಕ್ಕೆ ಮಹಿಳೆಯರ ಕಾಲಂನಲ್ಲಿ ಗರ್ಭಿಣಿಯೇ ಅನ್ನೋದಕ್ಕೂ ಹೌದು ಅಂತ ಹಾಕಿದ್ದನಂತೆ. ಡಾಕ್ಟರು ಮೀಸೆ ನೋಡಿ ಅದನ್ನು ಹೊಡೆದು ಹಾಕಿದರು, ಊಟದ ಕಾಲಂ ಮಾತ್ರ ನಂಬಿದರು. ಬಾಯಲ್ಲೂ ಕೇಳಿದರಂತೆ, ತಿಂಡಿ ಆಯ್ತಾ ಅಂತ. ಆಯ್ತು ಸಾ ಅಂದ. ಹಬ್ಬದ ದಿನ ತಿಂಡಿ ಆಗಿಲ್ಲ ಅಂತ ಹೇಳೋದು ಹೆಂಗೆ?

ಮಂಚದ ಮೇಲೆ ಮಲಗಿದಾಗ ಏನೂ ಆಗಲಿಲ್ಲ. 450 ಎಂಎಲ್ ಕೊಟ್ಟ. ಹಳದಿ ಚೆಂಡು ಹಿಚುಕುತ್ತಾ ಫೋಟೋಗೆ ನಕ್ಕ. ಹತ್ತು ನಿಮಿಷ ಮಲಗಿರಿ ಅಂದರು, ಎರಡಕ್ಕೇ ಎದ್ದ. ನೆಟ್ಟಗೆ ಜ್ಯೂಸ್ ಟೇಬಲ್ ಹತ್ತಿರ ನಡೆದ, ಮಾವಿನ ಜ್ಯೂಸಿಗೆ ಸ್ಟ್ರಾ ಸಿಕ್ಕಿಸಿದ, "ಏನಿಲ್ಲ ಕಣ್ರಲಾ, ಸೊಳ್ಳೆ ಕಚ್ಚಿದಂಗೆ" ಅಂತ ಹಿಂದಿದ್ದವರಿಗೆ ಧೈರ್ಯ ಹೇಳಿದ. ಆಮೇಲೆ ಕಣ್ಣು ಕತ್ತಲೆ. ತೆಂಗಿನ ಮರ ಬಿದ್ದ ಹಾಗೆ ಬಿದ್ದ ಅಂತ ನೋಡಿದವರು ಹೇಳಿದ್ದು. ಟೇಬಲ್ ಮೇಲೆ ಪ್ರಮಾಣಪತ್ರಗಳ ಕಟ್ಟು, ಅದರ ಮೇಲೆ ಗೌಡ, ಗೌಡನ ಮೇಲೆ ಮಾವಿನ ಜ್ಯೂಸು. ಕಾಲು ಮೇಲೆತ್ತಿ ಹಿಡಿದುಕೊಳ್ಳೋಕೆ ಇಬ್ಬರು ಬೇಕಾದರು. ಸಾಲಿನಲ್ಲಿದ್ದ ಹನ್ನೊಂದು ಜನದಲ್ಲಿ ಏಳು ಜನ ಸದ್ದಿಲ್ಲದೆ ಮನೆಗೆ ಹೋದರು.

"ನನ್ ಕಣ್ಣು ಬಿಟ್ಟಾಗ ಮೈಕಲ್ಲಿ ಹೇಳ್ತಾವ್ರೆ, ಗೌಡ್ರು ಕ್ಷೇಮವಾಗವ್ರೆ, ಯಾರೂ ಹೆದರಬೇಡಿ ಅಂತ!"

ಬೀಳೋರೆಲ್ಲ ಇಂಥ ದೊಡ್ಡ ದೇಹದವರೇ ಅಂತ ಸೀನನ ಅನುಭವ. ಅದಕ್ಕೂ ರಕ್ತ ಕಮ್ಮಿಯಾಗಿದ್ದಕ್ಕೂ ಸಂಬಂಧ ಅಷ್ಟಿಲ್ಲವಂತೆ. ಹೆದರಿಕೆ, ಹಸಿವು, ಗಬಕ್ಕನೆ ಏಳೋದು ಎಲ್ಲ ಸೇರಿ ಎದೆಬಡಿತ ನಿಧಾನ ಆಗುತ್ತೆ, ಬಿಪಿ ಇಳಿಯುತ್ತೆ, ತಲೆಗೆ ರಕ್ತ ಸಾಲದು. ಎರಡು ಚಮಚ ಕೊಟ್ಟವರೂ ಬೀಳ್ತಾರೆ, ಪಕ್ಕದವನಿಗೆ ಚುಚ್ಚೋದು ನೋಡಿದವರೂ ಬೀಳ್ತಾರೆ. ಬಾಣಂತನ ಎರಡು ಕಂಡ ಹೆಂಗಸರು ಮಾತ್ರ ಕೈ ಚಾಚಿ ಬೇಗ ಮಾಡಪ್ಪಾ ಕುಕ್ಕರ್ ಇಟ್ಟು ಬಂದಿದ್ದೀನಿ ಅಂತಿದ್ದರಂತೆ.

ಗೌಡನ ಕತೆ ಅಲ್ಲಿಗೆ ಮುಗಿಯಲಿಲ್ಲ. ಹೋದ ರಕ್ತ ವಾಪಸ್ ಬರಿಸ್ತೀನಿ ಅಂತ ಅವನ ಹೆಂಡತಿ ಬೀಟ್‌ರೂಟ್ ಶುರು ಮಾಡಿದರು. ಬೀಟ್‌ರೂಟ್ ಪಲ್ಯ, ಸಾರು, ಜ್ಯೂಸು, ಹಲ್ವ. ನಾಲ್ಕನೇ ದಿನ ಬೆಳಿಗ್ಗೆ ಬಚ್ಚಲುಮನೆಯಿಂದ ಚೀರಿದ. ನೋಡಿದರೆ ಮೂತ್ರವೆಲ್ಲ ಕೆಂಪು. ಉಳಿದ ರಕ್ತವೂ ಹೋಯ್ತು ಅಂತ ಆಟೋ ಹಿಡಿದು ಆಸ್ಪತ್ರೆಗೆ ಓಡಿದ್ದಾನೆ. ಡಾಕ್ಟರು ಕೇಳಿದ್ದು ಒಂದೇ ಮಾತು: "ಬೀಟ್‌ರೂಟ್ ತಿಂದ್ರಾ?" ಆದರೂ ಆ ಡಾಕ್ಟರು ಒಂದು ಟೆಸ್ಟ್ ಬರೆದರು. ರಕ್ತದ್ದೇ.

ಬಣ್ಣ ಕೆಂಪಾದರೆ ರಕ್ತ ಆಗಲ್ಲ, ಬೇಕಾದ್ದು ಕಬ್ಬಿಣ, ಹುರುಳಿಕಾಳು, ಸೊಪ್ಪು, ಕಾಳು ತಿಂದು ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಚೆನ್ನಾಗಿ ಹತ್ತುತ್ತೆ, ಊಟದ ಬೆನ್ನಿಗೇ ಟೀ ಕುಡಿದರೆ ಹತ್ತಲ್ಲ ಅಂದರು ಪದ್ಮಕ್ಕ. ಅವರಿಗೂ ಒಂದು ಸಲ ಅವಮಾನ ಆಗಿತ್ತು. ಆಗೆಲ್ಲ ಹಿಮೋಗ್ಲೋಬಿನ್ ನೋಡೋಕೆ ಒಂದು ಲೋಟ ನೀಲಿ ನೀರು ಇಟ್ಟಿರೋರು. ಬೆರಳಿಂದ ಒಂದು ಹನಿ ತೆಗೆದು ಅದಕ್ಕೆ ಬಿಡೋದು. ಮುಳುಗಿದರೆ 12.5 ಇದೆ ಅಂತ, ಪಾಸು. ತೇಲಿದರೆ ಮನೆಗೆ. "ಎಲ್ಲರ ಮುಂದೆ ನನ್ನ ಹನಿ ತೇಲ್ತಾ ನಿಂತುಬಿಡ್ತು ಕಣ್ರೋ. ಮುಳುಗೇ ಮುಳುಗೇ ಅಂತ ಮನಸ್ಸಲ್ಲೇ ಬೇಡ್ಕೊಂಡೆ. ಸ್ಕೂಲಲ್ಲಿ ಎಷ್ಟು ಹುಡುಗರನ್ನ ಫೇಲ್ ಮಾಡಿದ್ನೋ ಅದೆಲ್ಲ ನೆನಪಾಯ್ತು."

ಆ ನೀಲಿ ನೀರು ಯಾವುದು ಅಂತ ಭಟ್ಟ ಕೇಳಿದ. ಮೈಲುತುತ್ತ ಅಂದ ಸೀನ. ಭಟ್ಟನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. "ಮೈಲುತುತ್ತನಾ! ಕೊಳೆ ರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಅಡಿಕೆ ಗೊನೆಗೆ ಹೊಡೀತೀವಲ್ಲ, ಅದೇನಾ? ನಮ್ಮನೆ ಕೊಟ್ಟಿಗೇಲಿ ಡ್ರಮ್ಮಿನ ಪಕ್ಕ ಮೂಟೆ ಇದೆಯಲ್ಲೋ." ಇನ್ನು ಮುಂದೆ ನೆಂಟರು ಬಂದರೆ ಕೊಟ್ಟಿಗೆಯಲ್ಲೇ ಹಿಮೋಗ್ಲೋಬಿನ್ ನೋಡಿ ಕಾಫಿ ಕೊಡ್ತೀನಿ ಅಂದ.

ಗಂಟೆ ಒಂಬತ್ತೂವರೆ. ನನ್ನ ಹೊಟ್ಟೆಯಲ್ಲಿದ್ದ ಎರಡು ಇಡ್ಲಿ ಕರಗಿ ಕಾಲವಾಗಿತ್ತು.

ಮಾತು ವಾಟ್ಸಾಪಿಗೆ ತಿರುಗಿತು. ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೆ ಒಂದು ಮೆಸೇಜ್ ಬರುತ್ತೆ, ಪುಟ್ಟ ಮಗುವಿಗೆ ಒ ನೆಗೆಟಿವ್ ರಕ್ತ ತುರ್ತಾಗಿ ಬೇಕಾಗಿದೆ, ದಯವಿಟ್ಟು ಎಲ್ಲರಿಗೂ ಕಳಿಸಿ ಅಂತ. ಹತ್ತು ವರ್ಷದಿಂದ ಬರ್ತಿದೆ. ಆ ಮಗು ಈಗ ಎಸ್ಸೆಸ್ಸೆಲ್ಸಿ ಬರೆದಿರಬೇಕು. ಒಂದು ಸಲ ನಾನು ಆ ನಂಬರಿಗೆ ಫೋನ್ ಮಾಡಿದೆ, ಎತ್ತಿದವನು ಹಲೋ ಅನ್ನೋ ಮೊದಲೇ "ಬೇಡ ಸಾರ್" ಅಂದ. ಪಾಪ, ದಿನಕ್ಕೆ ಎಷ್ಟು ಫೋನ್ ಬರುತ್ತೋ. ಮೆಸೇಜಲ್ಲಿ ತಾರೀಕು ಹಾಕಿ ಅಂತ ಹೇಳಿದ್ರೆ ಯಾರೂ ಕೇಳಲ್ಲ. ಕೆಂಪು ಕಣಗಳನ್ನೇ ಫ್ರಿಜ್ಜಲ್ಲಿ ಸುಮಾರು 35 ದಿನ ಇಡಬಹುದು, ಪ್ಲೇಟ್‌ಲೆಟ್ ಐದು ದಿನಕ್ಕೆ ಹಾಳು, ಈ ಮೆಸೇಜ್ ಮಾತ್ರ ಕೆಡೋದೇ ಇಲ್ಲ.

ಅಪರೂಪದ ಗುಂಪು ಅಂದರೆ ಒ ನೆಗೆಟಿವ್ ಏನಲ್ಲ, ಬಾಂಬೆ ಗುಂಪು ಅಂದ ಸೀನ. 1952ರಲ್ಲಿ ಮುಂಬಯಿಯಲ್ಲಿ ಡಾ. ಭೆಂಡೆ ಅವರು ಕಂಡುಹಿಡಿದಿದ್ದು. ಸಾಮಾನ್ಯ ಪರೀಕ್ಷೆಯಲ್ಲಿ ಒ ಅಂತಲೇ ತೋರಿಸುತ್ತೆ, ಆದರೆ ಒ ರಕ್ತ ಕೊಟ್ಟರೆ ಒಗ್ಗಲ್ಲ, ಬಾಂಬೆ ಗುಂಪಿನವರದ್ದೇ ಬೇಕು. ಇದನ್ನು ಕೇಳಿ ಗೌಡ ತನ್ನ ಗುಂಪು ಬಿ ಪಾಸಿಟಿವ್ ಅಂದ. ಅಂದು ಸುಮ್ಮನಿದ್ದರೆ ಆಗ್ತಿತ್ತು. "ಅದಕ್ಕೇ ನಾನು ಯಾವಾಗ್ಲೂ ಬೀ ಪಾಸಿಟಿವ್" ಅಂತ ಸೇರಿಸಿದ.

ನಮ್ಮ ಬಳಗದಲ್ಲಿ ಒಂದು ಕಾನೂನಿದೆ. ಆ ಜೋಕ್ ಮಾಡಿದವರು ಎಲ್ಲರಿಗೂ ಕೇಸರಿಬಾತ್ ಕೊಡಿಸಬೇಕು. ಗೌಡ ಎದ್ದು ಹೋದ.

ಅವನು ಬರೋವರೆಗೆ ಸೀನ ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ವಿಷಯ ಹೇಳಿದ. 14ನೇ ವಯಸ್ಸಿಗೆ ದೊಡ್ಡ ಆಪರೇಷನ್ ಆಗಿ, ಯಾರ್ಯಾರದೋ ರಕ್ತದಿಂದ ಬದುಕಿದ ಹುಡುಗ. 18 ತುಂಬುತ್ತಲೇ ಕೊಡೋಕೆ ಶುರು ಮಾಡಿ 81ರವರೆಗೆ ಕೊಟ್ಟ. ಒಟ್ಟು 1,173 ಸಲ, ಹೆಚ್ಚಿನದು ಪ್ಲಾಸ್ಮಾ, ಅಂದ್ರೆ ಕಣಗಳನ್ನು ಬಿಟ್ಟು ರಕ್ತದ ದ್ರವ ಭಾಗ ಮಾತ್ರ. ತಾಯಿ ನೆಗೆಟಿವ್ ಆಗಿ ಮಗು ಪಾಸಿಟಿವ್ ಆದರೆ ತಾಯಿಯ ರಕ್ತವೇ ಮಗುವಿನ ಮೇಲೆ ತಿರುಗಿಬೀಳುತ್ತಲ್ಲ, ಅದನ್ನು ತಡೆಯೋ ಇಂಜೆಕ್ಷನ್ ಮಾಡೋಕೆ ಬೇಕಾದ ಪ್ರತಿಕಾಯ ಅವನ ರಕ್ತದಲ್ಲಿತ್ತು. 24 ಲಕ್ಷ ಮಕ್ಕಳಿಗೆ ಅದರಿಂದ ಉಪಯೋಗ ಆಗಿದೆ ಅಂತ ಅಲ್ಲಿನ ಲೆಕ್ಕ. 2025ರಲ್ಲಿ ತೀರಿಕೊಂಡ.

"ಮತ್ತೆ ಒಂದು ಗೊತ್ತಾ? ಅವನು ಒಂದು ಸಲವೂ ಸೂಜಿ ಚುಚ್ಚೋದನ್ನ ನೋಡಿಲ್ಲವಂತೆ. ಹೆದರಿಕೆ. ಸೂರು ನೋಡ್ತಿದ್ದ, ನರ್ಸ್ ಜೊತೆ ಮಾತಾಡ್ತಿದ್ದ."

"1,173 ಸಲವೂ?" ಅಂದೆ.

"ಅಷ್ಟೂ ಸಲ."

ನನಗೆ ಎಷ್ಟು ಸಮಾಧಾನ ಆಯ್ತು ಅಂದರೆ ಹೇಳೋಕಾಗಲ್ಲ. ಅಂದ್ರೆ ನಾನೂ ಆ ಜಾತಿಯವನೇ, ಬರೀ 1,173 ಹಿಂದಿದ್ದೀನಿ ಅಷ್ಟೇ. ಮುಂದಿನ ತಿಂಗಳ ಶಿಬಿರಕ್ಕೆ ಬರ್ತೀಯೇನೋ ಅಂತ ಪದ್ಮಕ್ಕ ಕೇಳಿದರು. ಸಕ್ಕರೆ ರಿಪೋರ್ಟ್ ಬರಲಿ, ಡಾಕ್ಟರು ಹೂಂ ಅಂದರೆ ಬರ್ತೀನಿ, ಸೂರು ನೋಡ್ತೀನಿ ಅಂದೆ. ತಿಂಡಿ ತಿಂದು ಬಾ ಅಂದರು. ನೀರು ಕುಡಿದು ಬಾ ಅಂದ ಸೀನ. ಫಾರಂ ಓದು ಅಂದ ಗೌಡ, ಕೇಸರಿಬಾತಿನ ತಟ್ಟೆಗಳನ್ನು ಇಳಿಸುತ್ತಾ. ನಾನು ಆ ಹ್ಯಾರಿಸನ್ ಬಗ್ಗೆಯೇ ಯೋಚಿಸ್ತಾ ಇದ್ದೆ, 63 ವರ್ಷ ಒಬ್ಬ ಮನುಷ್ಯ ಹೆದರಿಕೊಂಡೇ ಕೈ ಚಾಚಿದ್ದಾನಲ್ಲ, ಪ್ರತಿ ಸಲ ಮೆಟ್ಟಿಲು ಹತ್ತುವಾಗ ಏನಂದುಕೊಳ್ತಿದ್ದನೋ ಅಂತ.

"ಲೋ," ಅಂದ ಭಟ್ಟ.

"ಏನು?"

"ತಿಂತಿದ್ದೀಯ."

ನೋಡಿದರೆ ಚಮಚ ನನ್ನ ಬಾಯಲ್ಲಿತ್ತು. ತಟ್ಟೆಯಲ್ಲಿ ಅರ್ಧ ಖಾಲಿ. ತುಪ್ಪ, ದ್ರಾಕ್ಷಿ, ಸಕ್ಕರೆ ಎಲ್ಲ ಸಹಿತ. ಗಂಟೆ ಒಂಬತ್ತು ಐವತ್ತು. ಗೌಡ ಟೇಬಲ್ ತಟ್ಟಿ ತಟ್ಟಿ ನಕ್ಕ. ಪದ್ಮಕ್ಕ ಸೆರಗು ಬಾಯಿಗಿಟ್ಟುಕೊಂಡರು. ಸೀನ ಮಾತ್ರ ನಗಲಿಲ್ಲ, ಹೋಗಿ ನಿಜ ಹೇಳು, ಸುಳ್ಳು ರಿಪೋರ್ಟಿಗೆ ಮಾತ್ರೆ ನುಂಗಬೇಡ ಅಂದ.

ಹೇಳೋಣ ಅಂತಲೇ ಹೋದೆ. ಅದೇ ಹುಡುಗಿ ಇದ್ದಳು. ಈ ಸಲ ನೀರು ಕುಡಿದಿದ್ದೀನಮ್ಮಾ, ನಾಲ್ಕು ಲೋಟ ಅಂದೆ. ಗುಡ್ ಸಾರ್ ಅಂತ ಪಟ್ಟಿ ಕಟ್ಟಿದಳು. ತಟ್ಟಿ ನೋಡಿ ಮುಖ ಅರಳಿಸಿದಳು, ಸಿಕ್ತು ಅಂದಳು. ಸ್ಪಿರಿಟ್ ಹಚ್ಚುತ್ತಾ ಮಾಮೂಲಿನ ಹಾಗೆ ಕೇಳಿದಳು: "ಮಧ್ಯ ಏನೂ ತಿಂದಿಲ್ಲ ಅಲ್ವಾ ಸಾರ್?"

ಗೌಡ ಹೇಳಿದನಲ್ಲ, ಆಯ್ತು ಸಾ ಅಂತ. ಅದು ಹೆಂಗೆ ಬಾಯಿಂದ ಬರುತ್ತೆ ಅಂತ ನನಗೆ ಅವಾಗ ಅರ್ಥ ಆಯ್ತು. "ಇಲ್ಲಮ್ಮಾ" ಅಂದೆ. ಅಂದು ಸೂರು ನೋಡಿದೆ.

ಸೂಜಿ ಬರಲಿಲ್ಲ. ಕೆಳಗೆ ನೋಡಿದರೆ ಹುಡುಗಿ ನನ್ನ ಅಂಗಿಯ ಜೇಬು ನೋಡ್ತಿದ್ದಾಳೆ. ಜೇಬಿನ ಅಂಚಿನಲ್ಲಿ ಹಳದಿ ತುಪ್ಪದ ಕಲೆ, ಅದರ ನಡುವೆ ಉಬ್ಬಿದ ಒಂದು ದ್ರಾಕ್ಷಿ.

ಪಟ್ಟಿ ಬಿಚ್ಚಿದಳು. "ನಾಳೆ ಬನ್ನಿ ಸಾರ್. ಏಳೂವರೆಗೆ, ಖಾಲಿ ಹೊಟ್ಟೇಲಿ. ಎರಡೂ ಮೊದಲಿಂದ ಮಾಡೋಣ."